ಬಾಲ ಮೊದಲು ಬಂದ ವಿಮಾನ

ಈ ಕಥೆ ನನಗೆ ಎರಡು ಬಾಯಿಗಳಿಂದ ದೊರೆತಿದೆ. ಒಂದು, ಜತ್ತದಿಂದ ಉಟಗಿಗೆ ಬರುವ ಎಸ್.ಟಿ. ಬಸ್ಸಿನಲ್ಲಿ ಕಂಡಕ್ಟರರಾಗಿದ್ದ ಬಾಳಾಸಾಹೇಬರದು. ಇನ್ನೊಂದು, ಉಟಗಿಯ ಚನ್ನವ್ವನದು. ಆಕೆಯ ಮನೆಗೂ ಕಥೆ ನಡೆದ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ ಮಾತ್ರ ಇತ್ತು. ಇಬ್ಬರ ಮಾತೂ ಕೂಡಿದಲ್ಲಿ ಸುಮ್ಮನೆ ಬರೆದುಕೊಂಡಿದ್ದೇನೆ. ಕೂಡದಿದ್ದಲ್ಲಿ ಗೋಡೆಯ ಮೇಲಿನಿಂದ ನೋಡಿದವರ ಮಾತನ್ನು ಹಿಡಿದಿದ್ದೇನೆ.

ಕಥೆಗೆ ಮೊದಲು ಒಂದು ಶಬ್ದದ ವಿಚಾರ. ಈ ಸೀಮೆಯ ಶೈವ ಮನೆತನಗಳಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿ ಒಯ್ಯುತ್ತಾರೆ. ಬಿದಿರಿನ ಗಳ ಕಟ್ಟಿ, ಸೀರೆ ಸುತ್ತಿ, ಮೂಲೆಗೊಂದು ಬಾಳೆಯ ಕಂದು ನಿಲ್ಲಿಸಿ, ಹೂವು ಇಳಿಬಿಟ್ಟು ಸಿದ್ಧಗೊಳಿಸುವ ಆ ಪಲ್ಲಕ್ಕಿಗೆ ವಿಮಾನವೆಂದು ಹೆಸರು. ‘ಅವರ ಮನೆಯಲ್ಲಿ ವಿಮಾನ ಕಟ್ಟುತ್ತಿದ್ದಾರೆ’ ಎಂದರೆ ಕೇಳಿದವನು ಯಾರು ಹೋದರೆಂದು ವಿಚಾರಿಸುತ್ತಾನೆಯೇ ಹೊರತು ಎಲ್ಲಿಗೆ ಹಾರುತ್ತದೆಂದು ವಿಚಾರಿಸುವುದಿಲ್ಲ. ಆಕಾಶದಲ್ಲಿ ಹೋಗುವುದಕ್ಕೂ ಹೆಸರು ಅದೇ. ಒಂದೇ ಹೆಸರಿನ ಇಬ್ಬರು ಒಂದೇ ಊರಿನಲ್ಲಿದ್ದರೆ ಟಪಾಲು ತಪ್ಪುವುದು ಸಹಜ.

ಉಟಗಿಯ ಮುರಗೆಪ್ಪ ಹೊಲಿಗೆಯ ಕಸಬಿನವನು. ಜರ್ಮನಿಯ ಲಡಾಯಿಯ ಕಾಲಕ್ಕೆ ಪುಣೆಯ ಹತ್ತಿರದ ಒಂದು ಶೆಡ್ಡಿನಲ್ಲಿ ಮೂರು ವರ್ಷ, ದುರಸ್ತಿಗೆ ಬಂದ ವಿಮಾನಗಳಿಗೆ ಬಟ್ಟೆ ಹೊಲಿದಿದ್ದ. ಆಗಿನ ಸಣ್ಣ ವಿಮಾನಗಳ ಮೈಯೆಲ್ಲ ಕಟ್ಟಿಗೆಯ ಎಲುಬು, ಮೇಲೆ ಬಟ್ಟೆಯ ತೊಗಲು. ಮುರಗೆಪ್ಪನಿಗೆ ಹಚ್ಚಿಕೊಟ್ಟಿದ್ದು ಬಾಲದ ಖಾತೆ. ಬಾಲಕ್ಕೆ ಮಲಗಿದ ಎರಡು ಪಟ್ಟಿಗಳಿರುತ್ತವೆ, ಅವು ವಿಮಾನವನ್ನು ಏರಿಸುತ್ತವೆ, ಇಳಿಸುತ್ತವೆ; ನಿಂತ ಪಟ್ಟಿ ಒಂದಿರುತ್ತದೆ, ಅದು ಚುಕ್ಕಾಣಿ, ಎಡಕ್ಕೆ ಬಲಕ್ಕೆ ತಿರುಗಿಸುತ್ತದೆ. ಈ ಮೂರನ್ನು ಬಿಟ್ಟು ವಿಮಾನದ ಉಳಿದ ಭಾಗವನ್ನು ಆತ ಸರಿಯಾಗಿ ನೋಡಿದ್ದೇ ಇಲ್ಲವೆಂದು ಬಲ್ಲವರು ಹೇಳುತ್ತಾರೆ. ಊರಿಗೆ ಬಂದ ಮೇಲೆ ಆತ ಬಾಲದ ಮಾತನ್ನು ಆಡಲಿಲ್ಲ. “ನಾ ವಿಮಾನ ಮಾಡಿದಾಂವ” ಎಂದು ಇಪ್ಪತ್ತೈದು ವರ್ಷ ಹೇಳಿದ. ಕುಪ್ಪಸದ ತೋಳು ಬಿಗಿಯಾಯಿತೆಂದು ಯಾರಾದರೂ ತಗಾದೆ ತೆಗೆದರೆ, “ವಿಮಾನಕ್ಕ ಹೊಲದ ಕೈ ಇದು, ನಿಮ್ಮ ತೋಳಿಗಿ ತಪ್ಪೀತೇನು?” ಎನ್ನುತ್ತಿದ್ದ.

ಇದನ್ನು ಎಲ್ಲರಿಗಿಂತ ಹೆಚ್ಚು ಸಲ ಕೇಳಿದವಳು ಹೆಂಡತಿ ಸಿದ್ದಲಿಂಗವ್ವ. ಸಾವಿರದ ಒಂಬೈನೂರ ಅರವತ್ತೆಂಟರ ಸುಮಾರಿಗೆ ಆಕೆಗೆ ಉಸಿರಿನ ತ್ರಾಸು ಶುರುವಾಯಿತು. ಮಿರಜದ ದವಾಖಾನೆಯಲ್ಲಿ ಪರೀಕ್ಷಿಸಿದ ಡಾಕ್ಟರರು, ಎದೆಯೊಳಗಿನ ಒಂದು ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ವರ್ಷ ತೆಗೆದರೆ ಹೆಚ್ಚು ಎಂದು ಗಂಡನಿಗೆ ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದ್ದು ಆಕೆಗೂ ಕೇಳಿಸಿತು.

“ನಮ್ಮ ಹಿತ್ತಲ ಬಾಗಲಾ ಇಪ್ಪತ್ತ ವರ್ಷದಿಂದ ಮುಚ್ಚೂದಿಲ್ರಿ. ಮನಿ ಬಿದ್ದೈತೇನು?” ಎಂದಳು, ಮರಳಿ ಬರುವ ದಾರಿಯಲ್ಲಿ. ಸ್ವಲ್ಪ ಹೊತ್ತಿನ ಮೇಲೆ, “ಒಂದ ಮಾತ. ಸತ್ತ ಮ್ಯಾಲ ಎಲ್ಲಾರೂ ವಿಮಾನದಾಗ ಕುಂದರತಾರ. ನೀವು ಅಷ್ಟ ವಿಮಾನ ಮಾಡೀರಿ. ನನ್ನ ಒಮ್ಮೆ ಕಣ್ಣ ತೆರದಾಗ ಕುಂದ್ರಸ್ರಿ.”

ಇಪ್ಪತ್ತೈದು ವರ್ಷದ ಜಂಬ ಒಂದೇ ಮಾತಿನಲ್ಲಿ ವಸೂಲಿಗೆ ಬಂದಿತು. ಮುರಗೆಪ್ಪ ಪುಣೆಯಲ್ಲಿದ್ದ ತನ್ನ ಹಳೆಯ ಸಾಹೇಬರಿಗೆ ಕಾಗದ ಬರೆದ. ಸಾಹೇಬರು ಪೆನ್ಶನ್ನಾದ ಮೇಲೆ, ಮನೆಯಲ್ಲಿಯೇ ಜೋಡಿಸಿಕೊಳ್ಳುವ ಸಣ್ಣ ವಿಮಾನದ ಸಾಮಾನನ್ನು ಪರದೇಶದಿಂದ ತರಿಸಲು ಹೊರಟಿದ್ದರು. ಅದು ಒಂದೊಂದೇ ಪೆಟ್ಟಿಗೆಯಾಗಿ ಬರುತ್ತದೆ. ಮೊದಲು ಬರುವುದು ಬಾಲ. ‘ನನ್ನ ಕೈಗಳು ನಡುಗುತ್ತವೆ. ಬಾಲವನ್ನು ನಿನಗೆ ಕಳಿಸುತ್ತೇನೆ, ನೀನೇ ಕಟ್ಟು. ಉಳಿದ ಪೆಟ್ಟಿಗೆಗಳು ಬರುತ್ತವೆ’ ಎಂದು ಉತ್ತರ ಬಂತು. ಆರು ಮೊಳ ಉದ್ದದ ಪೆಟ್ಟಿಗೆ ಜತ್ತದ ಬಸ್‌ಸ್ಟ್ಯಾಂಡಿಗೆ ಬಂದು ಬಿದ್ದಿತು. ಅದನ್ನು ಉಟಗಿಯ ಬಸ್ಸಿಗೆ ಏರಿಸುವಾಗ ಬಾಳಾಸಾಹೇಬರು ಚೀಟಿ ಹರಿಯಲು ಬಂದರು.

“ಏನೈತ್ರಿ ಇದರಾಗ, ಮುರಗೆಪ್ಪಾ?”

“ವಿಮಾನದ ಸಾಮಾನ್ರಿ.”

ಬಾಳಾಸಾಹೇಬರ ಕೈ ಅಲ್ಲಿಯೇ ನಿಂತಿತು. “ಯಾರಿಗ್ರಿ?”

“ನಮ್ಮ ಮನಿಯಾಕಿಗ್ರಿ.”

“ಅಯ್ಯಯ್ಯ! ಕುಂದ್ರಿಸೀರೇನ್ರಿ?”

“ಇನ್ನೂ ಎಲ್ಲೀದ್ರಿ. ಈಗ ಹೋಗಿ ಕಟ್ಟಬೇಕು, ಆಮ್ಯಾಲ ಕುಂದ್ರಸೂದು. ಪಾಪ, ಹಾದಿ ಕಾಯಾಕ ಹತ್ಯಾಳ.”

“ಮತ್ತ ಇಷ್ಟ ದೊಡ್ಡ ಪೆಟಗಿ?”

“ವಿಲಾಯತಿ ಮಾಲ್ರಿ. ನಮ್ಮ ಕಡೆ ಬಿದಿರಾ ಗಿದಿರಾ ಏನ ನಡೀತೈತಿ ಇದಕ್ಕ?”

ಹೆಂಡತಿಯ ಕಡೆಯ ಪ್ರಯಾಣಕ್ಕೆ ವಿಲಾಯತಿಯ ಸಾಮಾನು ತರಿಸಿದ ಗಂಡನನ್ನು ಬಾಳಾಸಾಹೇಬರು ತಮ್ಮ ಸರ್ವಿಸಿನಲ್ಲಿ ಕಂಡಿರಲಿಲ್ಲ. ಅವರು ಟೊಪ್ಪಿಗೆ ತೆಗೆದರು. ಚೀಟಿ ಹರಿಯಲಿಲ್ಲ. ಮುರಗೆಪ್ಪನನ್ನು ತಮ್ಮ ಸೀಟಿನಲ್ಲಿ ಕೂರಿಸಿ ಉಟಗಿಯವರೆಗೆ ತಾವು ನಿಂತರು. ಬಸ್ಸು ನಿಂತಲ್ಲೆಲ್ಲ ಕಿಡಕಿಯಿಂದ ಸುದ್ದಿ ಇಳಿಸಿದರು. ಹಿಂದಿನಿಂದ ಬಂದ ಜೀಪೊಂದು ಬಸ್ಸನ್ನು ದಾಟಿ ಹೋಗಿ, ಸಿದ್ದಲಿಂಗವ್ವ ಹೋದಳೆಂಬುದನ್ನು ಸಿದ್ದಲಿಂಗವ್ವನ ಓಣಿಗೆ ಮುಂಚಿತವಾಗಿ ಮುಟ್ಟಿಸಿತು.

ಆಕೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹತ್ತು ಹನ್ನೆರಡು ಹೆಂಗಸರು ಸೆರಗನ್ನು ಮೋರೆಗೆ ಒತ್ತಿಕೊಂಡು ಅಳುತ್ತ ಒಳಗೆ ಬಂದು ಕುಳಿತರು. ಬಂದವರು ಅಳುವಾಗ ಮನೆಯವರು ಸುಮ್ಮನಿರುವುದು ನಮ್ಮಲ್ಲಿ ಮರ್ಯಾದೆಯಲ್ಲ. ಸಿದ್ದಲಿಂಗವ್ವ ಮೊರ ಬದಿಗಿಟ್ಟು, ತಾನೂ ಸೆರಗು ತೆಗೆದುಕೊಂಡು ಅವರ ಜೊತೆ ಅತ್ತಳು. “ಎಲ್ಲಾರಕಿಂತ ಚಂದ ಅಕಿನ ಅತ್ತಳ್ರಿ” ಎಂದು ಚನ್ನವ್ವ ಹೇಳುತ್ತಾಳೆ. ಕಾಲು ತಾಸಾದ ಮೇಲೆ ಆಕೆ ಉಸಿರು ಸಾಲದೆ ಅಳು ನಿಲ್ಲಿಸಿ, ಬದಿಯಲ್ಲಿದ್ದ ಮುದುಕಿಯನ್ನು ಕೇಳಿದಳು:

“ಹೋದವರು ಯಾರ ಯಕ್ಕಾ?”

ಮುದುಕಿ ಸೆರಗು ತೆಗೆಯದೆ, “ನಮ್ಮ ಸಿದ್ದಲಿಂಗವ್ವ ಹೋದಳ ತಾಯಿ!” ಎಂದು ರಾಗ ಎಳೆದಳು.

“ಯಾವ ಸಿದ್ದಲಿಂಗವ್ವ?”

“ಅಕಿನ, ಮುರಗೆಪ್ಪನ ಹೇಂತಿ!”

“ಅಯ್ಯ ಶಿವನ, ಅಕಿ ನಾನ!”

ಸೆರಗುಗಳು ಒಂದೊಂದಾಗಿ ಇಳಿದವು. ಕಡೆಗೆ ಮುದುಕಿ ಸಿಟ್ಟಿನಿಂದ, “ಹಂಗಾದ್ರ ಬಾಗಲದಾಗ ಬಂದಾಗನ ಹೇಳಬಾರದೇನವ್ವಾ?” ಎಂದಳು. ಸಿದ್ದಲಿಂಗವ್ವ ತಪ್ಪಾಯಿತೆಂದು ಒಪ್ಪಿಕೊಂಡು ಎಲ್ಲರಿಗೂ ಚಹಾ ಮಾಡಿ ಕೊಟ್ಟು ಕಳಿಸಿದಳು.

ತವರೂರು ಸೊರಡಿಯಿಂದ ಆಕೆಯ ತಮ್ಮ ಅಣ್ಣಾರಾಯ ಓಡಿ ಬಂದಾಗ ಅಕ್ಕ ಲೋಟ ತೊಳೆಯುತ್ತಿದ್ದಳು, ಭಾವ ಪೆಟ್ಟಿಗೆಯ ಮೊಳೆ ಕೀಳುತ್ತಿದ್ದ. ಅಣ್ಣಾರಾಯನಿಗೆ ಸಂತೋಷವಾಗುವ ಬದಲು ಅನುಮಾನವಾಯಿತು.

“ಮಾಮಾ, ನಮ್ಮಕ್ಕಂದು ಇನ್ನೂ ಉಸರ ಆಡಾಕ ಹತ್ತೈತಿ. ಅಷ್ಟರೊಳಗ ವಿಮಾನ ಕಟ್ಟತೀಯಾ?”

“ಉಸರ ಆಡೂದರೊಳಗನ ಕಟ್ಟಬೇಕಲ್ಲೋ ಅಣ್ಣಾರಾಯ! ಆಮ್ಯಾಲ ಕಟ್ಟಿ ಏನ ಉಪಯೋಗ?”

“ಲಾಜ ನಾಚಿಕಿ ಇಲ್ಲೇನು ನಿನಗ?”

“ಅಕಿನ ಕೇಳ್ಯಾಳ. ನೀನ ವಿಚಾರಸ ಹೋಗು.”

“ಹೌದ ಅಣ್ಯಾ,” ಎಂದಳು ಸಿದ್ದಲಿಂಗವ್ವ, “ನಾನ ಹಟ ಹಿಡದೀನಿ. ಲಗೂನ ಆಗಲಿ ಅಂತ.” ಅಣ್ಣಾರಾಯ ತಲೆಯ ಮೇಲೆ ಕೈಯಿಟ್ಟು ಕಟ್ಟೆಯ ಮೇಲೆ ಕುಳಿತ.

ಮುಂದೆ ಆತನಿಗೆ ಸಿಕ್ಕ ಸಾಕ್ಷ್ಯಗಳೆಲ್ಲ ಒಂದೇ ದಿಕ್ಕಿಗಿದ್ದವು. ಮುರಗೆಪ್ಪ ಹೆಂಡತಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಕುಳಿತರೆ ಎಷ್ಟು ಎತ್ತರವೆಂದು ಟೇಪು ಹಿಡಿದು ಅಳೆದದ್ದನ್ನು ಚನ್ನವ್ವ ಗೋಡೆಯ ಮೇಲಿನಿಂದ ಕಂಡಳು. ಬಟ್ಟೆ ಬಿಗಿಯಲೆಂದು ಮುರಗೆಪ್ಪ ಹಚ್ಚುತ್ತಿದ್ದ ವಿಲಾಯತಿ ಬಣ್ಣಕ್ಕೆ ಕಳಿತ ಬಾಳೆಹಣ್ಣಿನ ವಾಸನೆ. “ಬಾಳಿ ಕಂದೂ ತಂದಿಟ್ಟಾನ” ಎಂದು ಓಣಿಯಲ್ಲಿ ತೀರ್ಮಾನವಾಯಿತು. ಅಣ್ಣಾರಾಯ ಜತ್ತಕ್ಕೆ ಹೋಗಿ ಮರಾಠಿಯಲ್ಲಿ ಅರ್ಜಿ ಬರೆಯಿಸಿದ: ಭಾವನು ಅಕ್ಕನ ಸಲುವಾಗಿ ಮನೆಯಲ್ಲಿ ವಿಮಾನ ಕಟ್ಟುತ್ತಿದ್ದಾನೆ, ಸರಕಾರ ತಡೆಯಬೇಕು.

ಮರಾಠಿಯಲ್ಲಿ ಸತ್ತವರನ್ನು ಒಯ್ಯುವುದಕ್ಕೆ ಬೇರೆ ಶಬ್ದವಿದೆ. ವಿಮಾನವೆಂದರೆ ಹಾರುವುದು ಮಾತ್ರ. ತನಿಖೆಗೆ ಬಂದ ಜತ್ತದ ಕಚೇರಿಯ ಹಿರಿಯ ಗುಮಾಸ್ತರು, ಅಂದರೆ ಅವ್ವಲ ಕಾರಕೂನರು, ಸಾತಾರದ ಕಡೆಯವರು, ಕನ್ನಡ ಕಲಿತು ವರ್ಷವಾಗಿರಲಿಲ್ಲ. ಊರೋ ಗಡಿಯ ಮೇಲಿನದು. ಅವರು ಬಹಳ ಗಂಭೀರವಾಗಿ ಚಾವಡಿಯಲ್ಲಿ ಕುಳಿತು ಅರ್ಜಿದಾರನನ್ನು ವಿಚಾರಿಸಿದರು. ಅವರ ಕನ್ನಡವನ್ನು ನಾನು ತಿದ್ದಿ ಕೊಡುತ್ತಿದ್ದೇನೆ.

“ಇದು ಗಡಿ ದಾಟಿ ಹೋಗತೈತೇನು?”

“ಗಡಿ ಅಲ್ರಿ ಸಾಹೇಬ್ರ, ಹಳ್ಳ ದಾಟತೈತಿ. ಹಳ್ಳದ ಆಚೀಕ ರುದ್ರಭೂಮಿ.”

“ಎಷ್ಟ ಮಂದಿ ಕುಂದರತಾರ?”

“ಒಬ್ಬರ್ರಿ. ಇಬ್ಬರ ಕುಂತದ್ದ ನಾವೇನ ಕಂಡಿಲ್ಲ.”

“ಇಂಜಿನ್ನು?”

“ನಾಕ ಮಂದಿ ಹೆಗಲ ಕೊಡತಾರ್ರಿ.”

ಕಾರಕೂನರು ಬರೆದುಕೊಂಡರು. “ಎಷ್ಟ ಎತ್ತರ ಹೋಗತೈತಿ?”

“ಹೆಗಲಮಟ್ಟ.”

“ಮುಂದ ಹಾರ್ನು ಗೀರ್ನು?”

“ಸ್ವಾಮಿಗೋಳು ಶಂಖ ಊದತಾರ್ರಿ.”

“ತಿರುಗಿ ಯಾವಾಗ ಬರತೈತಿ?”

“ಕುಂತವರು ತಿರುಗಿ ಬರೂದಿಲ್ರಿ.”

ಲೇಖನಿ ನಿಂತಿತು. “ಬರೂದಿಲ್ಲ? ಅಪಘಾತ ಆಗತೈತೇನು?”

“ಛೇ ಛೇ, ಎಲ್ಲಾ ಪದ್ಧತಿ ಪ್ರಕಾರನ ಆಗತೈತ್ರಿ.”

ಕಾರಕೂನರು ಕಾಗದ ಮಡಚಿ, ವಸ್ತುವನ್ನೇ ನೋಡುವುದೆಂದು ಮುರಗೆಪ್ಪನ ಮನೆಗೆ ನಡೆದರು. ಅಂಗಳದಲ್ಲಿ ಎಲುಬು ಎಲುಬಾಗಿ ಕಟ್ಟಿ, ಬಟ್ಟೆ ಹೊದಿಸಿದ ಬಾಲ ನಿಂತಿತ್ತು. ಬೆರಳಿನಿಂದ ಬಾರಿಸಿದರೆ ಹಲಗೆಯಂತೆ ನುಡಿಯುತ್ತಿತ್ತು. ಅವರು ಅದನ್ನು ಸುತ್ತು ಹಾಕಿ ನೋಡಿದರು.

“ಮುಂದಿಂದು ಎಲ್ಲಿ?”

“ಬರಾಕ ಹತ್ತೈತ್ರಿ.”

“ಬಾಲಕ್ಕ ಪರವಾನಗಿ ಬೇಕಂತ ಕಾಯ್ದೆದಾಗ ಎಲ್ಲೂ ಇಲ್ಲ,” ಎಂದು ಅವರು ಬಹಳ ಹೊತ್ತು ವಿಚಾರ ಮಾಡಿ ಹೇಳಿದರು. “ಮುಂದಿಂದು ಬಂದ ದಿವಸ ಅರ್ಜಿ ಕೊಡ್ರಿ.” ಅಷ್ಟರಲ್ಲಿ ಸಿದ್ದಲಿಂಗವ್ವ ಚಹಾ ತಂದಳು. ಅಡಿಗೆಮನೆಯಿಂದ ಅಂಗಳಕ್ಕೆ ಹತ್ತು ಹೆಜ್ಜೆ; ನಡುವೆ ಎರಡು ಸಲ ನಿಂತಳು. ಕಾರಕೂನರು ಲೋಟ ತೆಗೆದುಕೊಂಡು ಆಕೆಯನ್ನು ನೋಡಿದರು, ಬಾಲವನ್ನು ನೋಡಿದರು. ಹೋಗುವಾಗ ಮುರಗೆಪ್ಪನ ಕಿವಿಯಲ್ಲಿ, “ಲಗೂನ ಮುಗಸ್ರಿ,” ಎಂದರು. ಬೆನ್ನ ಹಿಂದೆಯೇ ಇದ್ದ ಅಣ್ಣಾರಾಯ ಅದನ್ನು ಕೇಳಿ, ಸರಕಾರವೂ ಭಾವನ ಕಡೆಗೆ ಸೇರಿತೆಂದು ತಿಳಿದು ಊರಿಗೆ ಹೋದ.

ಈಗ ಹೊಲಿಗೆಯ ಮಾತು. ಬಟ್ಟೆ ಬಿಗಿದ ಮೇಲೆ ಅದನ್ನು ಪ್ರತಿಯೊಂದು ಎಲುಬಿಗೂ ಕೂಡಿಸಿ ಹೊಲಿಯಬೇಕು, ಎರಡು ಬೆರಳಿಗೊಂದು ಗಂಟು. ಇದು ಒಬ್ಬರ ಕೈಯಿಂದ ಸುಲಭಕ್ಕೆ ಆಗುವ ಕೆಲಸವಲ್ಲ. ಈ ಕಡೆಯವನು ಗೇಣುದ್ದದ ಸೂಜಿಯನ್ನು ಚುಚ್ಚಿ ಆ ಕಡೆಗೆ ಕಳಿಸಬೇಕು. ಆ ಕಡೆಯವರು ಎಲುಬನ್ನು ಬಳಸಿ ತಿರುಗಿ ಈ ಕಡೆಗೆ ಕಳಿಸಬೇಕು. ನಡುವೆ ಬಟ್ಟೆಯಿರುವುದರಿಂದ ಒಬ್ಬರ ಮೋರೆ ಒಬ್ಬರಿಗೆ ಕಾಣಿಸದು. ಮುರಗೆಪ್ಪ ಈ ಕಡೆ ಕುಳಿತ, ಸಿದ್ದಲಿಂಗವ್ವ ಆ ಕಡೆ ಕುಳಿತಳು.

“ಬಂತೇನು?”

“ಬಂತ್ರಿ. ನಿಮ್ಮ ಪಾಳಿ.”

“ನಿನ್ನ ಪಾಳಿ.”

“ಈ ಬಟ್ಟಿ ಭಾಳ ಚಲೋ ಐತಿ ನೋಡ್ರಿ. ಮೂವತ್ತ ವರ್ಷ ನಿಮ್ಮ ಮಾರಿ ನೋಡಿ ಸಾಕಾಗಿತ್ತು.”

ಚನ್ನವ್ವನಿಗೆ ಗೋಡೆಯ ಮೇಲಿನಿಂದ ಎರಡೂ ಕಡೆ ಕಾಣುತ್ತಿತ್ತು. ಸೂಜಿ ಆ ಕಡೆ ಇದ್ದಾಗ ಮುರಗೆಪ್ಪ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ಸೂಜಿ ಈ ಕಡೆ ಬಂದಾಗ ಸಿದ್ದಲಿಂಗವ್ವ ಎದೆಯನ್ನು ಅಂಗೈಯಿಂದ ಒತ್ತಿಕೊಂಡು ಬಾಯಿ ತೆರೆದು ಕೂರುತ್ತಿದ್ದಳು. ಮಾತುಗಳು ಮಾತ್ರ ನಗುತ್ತಲೇ ಹೋಗಿ ಬರುತ್ತಿದ್ದವು.

ಎರಡು ಏರುಪಟ್ಟಿಗಳು ಮುಗಿದು ಚುಕ್ಕಾಣಿ ಅರ್ಧವಾದಾಗ ಪುಣೆಯಿಂದ ಕಾಗದ ಬಂತು. ಸಾಹೇಬರು ತೀರಿಕೊಂಡಿದ್ದರು. ಉಳಿದ ಪೆಟ್ಟಿಗೆಗಳನ್ನು ಅವರು ತರಿಸಿಯೇ ಇರಲಿಲ್ಲವೆಂದು ಅವರ ಮನೆಯವರು ಬರೆದಿದ್ದರು.

“ಏನಂತ್ರಿ?” ಎಂದಳು ಬಟ್ಟೆಯ ಆ ಕಡೆಯಿಂದ.

ಮುರಗೆಪ್ಪ ಕೊರಳಲ್ಲಿದ್ದ ಟೇಪು ತೆಗೆದು ಬೆರಳಿಗೆ ಸುತ್ತತೊಡಗಿದ. “ಹಡಗ ತಡಾ ಆಗೈತಂತ.”

“ಹಡಗಕ್ಕೂ ಚುಕ್ಕಾಣಿ ಇರತೈತೇನ್ರಿ?”

“ಇರತೈತಿ.”

“ಹಂಗಾದ್ರ ಹಾದಿ ಹಿಡದ ಬರತೈತಿ ಬಿಡ್ರಿ.”

ಆಕೆಗೆ ಗೊತ್ತಾಗಲಿಲ್ಲವೆಂದು ಬಾಳಾಸಾಹೇಬರ ಪಾಠ. ಸುಳ್ಳು ಹೇಳುವಾಗ ಮುರಗೆಪ್ಪ ಟೇಪು ಸುತ್ತುತ್ತಿದ್ದ, ಸುತ್ತುವಾಗ ಅದರ ತುದಿಯ ಹಿತ್ತಾಳೆಯ ಪಟ್ಟಿ ಅಂಗಿಯ ಗುಂಡಿಗೆ ತಾಗಿ ಟಿಕ್ಕೆನ್ನುತ್ತಿತ್ತು, ಮೂವತ್ತು ವರ್ಷ ಅದನ್ನು ಕೇಳಿದವಳಿಗೆ ಬಟ್ಟೆ ಅಡ್ಡ ಬರುತ್ತದೆಯೇ ಎಂದು ಚನ್ನವ್ವನ ಪಾಠ. ಮರುದಿನ ಮುಂಜಾನೆ ಸಿದ್ದಲಿಂಗವ್ವ, “ಮುಂದಿಂದು ಬರೂತನಾ ಹಿಂದಿಂದರ ನೋಡೂನು. ಕುಂದ್ರಸ್ರಿ,” ಎಂದಳು.

ಅಂಗಳದಲ್ಲಿ ಸ್ಟೂಲು ಇಟ್ಟು ಆಕೆಯನ್ನು ಕೂರಿಸಿದ. ಹಿಂದೆ ಎರಡು ಜೋಳದ ಚೀಲಗಳ ಮೇಲೆ ಬಾಲ. ಏರುಪಟ್ಟಿಗಳಿಂದ ಹುರಿ ತಂದು ಒಂದು ಕೋಲಿಗೆ ಕಟ್ಟಿ ಕೋಲನ್ನು ಆಕೆಯ ಕೈಗೆ ಕೊಟ್ಟ. ಆಕೆ ಜಗ್ಗಿದಳು. ಹಿಂದೆ ಪಟ್ಟಿಗಳು ಎದ್ದವು.

“ಏರತೇನ್ರಿ?”

“ಏರತು.”

“ಎಲ್ಲಿ ಬಂದೀವು?”

ಮುರಗೆಪ್ಪ ಕೆಳಗೆ ಬಗ್ಗಿ ನೆಲವನ್ನು ನೋಡಿದ. “ಜತ್ತ.”

“ಕಚೇರಿ ಕಾಣತೈತಲ್ಲಾ. ಕಾರಕೂನ ಸಾಹೇಬರಿಗಿ ಕೈ ಮಾಡ್ರಿ, ಚಹಾ ಅರ್ಧಾ ಬಿಟ್ಟ ಹೋಗ್ಯಾರ.” ಮುರಗೆಪ್ಪ ಕೈ ಬೀಸಿದ. ಅದೇ ಹೊತ್ತಿಗೆ ಜಗಳಕ್ಕೆಂದು ಬಂದ ಅಣ್ಣಾರಾಯ ಬಾಗಿಲಲ್ಲಿ ನಿಂತಿದ್ದ. “ಅಣ್ಯಾ, ಸರದ ನಿಂದರು, ಗಾಳಿ ಬಡೀತೈತಿ!” ಎಂದಳು ಅಕ್ಕ. ಅರ್ಜಿ ಕೊಟ್ಟ ಅಣ್ಣಾರಾಯ ಎರಡು ಹೆಜ್ಜೆ ಸರಿದು ನಿಂತ.

“ಇನ್ನ ತಿರಗಸ್ರಿ. ಸೊರಡಿ ನೋಡಬೇಕು.”

“ಚುಕ್ಕಾಣಿ ಒಂದ ಸಾಲ ಉಳದೈತಿ. ಅದ ಮುಗಿಯೂತನಾ ತಿರಗಾಕ ಬರೂದಿಲ್ಲ.”

“ಹಂಗಾದ್ರ ನೆಟ್ಟಗ ಹೋಗೂನು,” ಎಂದಳು. ಬಹಳ ಹೊತ್ತು ನೆಟ್ಟಗೆ ಹೋದರು. ಅಣ್ಣಾರಾಯ ಆ ದಿನ ಊರಿಗೆ ಹೋಗಲಿಲ್ಲ.

ನಾಲ್ಕನೆಯ ದಿನ ಜತ್ತದ ಸಂತೆ. ಊರಿನ ಗಂಡಸರು ಬಹುತೇಕ ನಸುಕಿಗೇ ಹೋಗಿದ್ದರು; ಅಣ್ಣಾರಾಯ ಇನ್ನೂ ಅಕ್ಕನ ಮನೆಯಲ್ಲಿಯೇ ಇದ್ದ. ಗಂಡ ಹೆಂಡತಿ ಚುಕ್ಕಾಣಿಯ ಕೊನೆಯ ಸಾಲಿಗೆ ಕುಳಿತರು. ಮುರಗೆಪ್ಪ ಸೂಜಿ ಕಳಿಸಿದ. ಆ ಕಡೆಯಿಂದ ಅದನ್ನು ಎಳೆದುಕೊಂಡದ್ದು ದಾರದಲ್ಲಿ ತಿಳಿಯಿತು.

“ಬಂತೇನು?”

ಉತ್ತರ ಬರಲಿಲ್ಲ.

“ನಿನ್ನ ಪಾಳಿ.” ಮೆಲ್ಲಗೆ ದಾರ ಜಗ್ಗಿದ. “ಸಿದ್ದಲಿಂಗೀ, ನಿದ್ದಿ ಹತ್ತಿತೇನು? ಸೂಜಿ ಕಳಸು.” ಗೋಡೆಯ ಮೇಲಿದ್ದ ಚನ್ನವ್ವನಿಗೆ ಎರಡೂ ಕಡೆ ಕಾಣುತ್ತಿತ್ತು. ಆಕೆ ಜನ್ಮದಲ್ಲಿ ಮೊದಲ ಸಲ ಕೂಗದೆ, ಕೈಸನ್ನೆಯಿಂದ ಅಣ್ಣಾರಾಯನನ್ನು ಕರೆದಳು. ಮುರಗೆಪ್ಪ ಎದ್ದು ಆ ಕಡೆ ಹೋಗಲಿಲ್ಲ. ಇನ್ನೊಂದು ಸಲ ದಾರ ಜಗ್ಗಿ, ಕೈ ಮಡಿಲಲ್ಲಿಟ್ಟುಕೊಂಡು ಕಾದು ಕುಳಿತ. ಕಡೆಗೆ ಅಣ್ಣಾರಾಯನೇ ಬಂದು ಅಕ್ಕನನ್ನು ಎತ್ತಿಕೊಂಡ.

ಸುದ್ದಿಯನ್ನು ಸಂತೆಗೆ ಮುಟ್ಟಿಸಬೇಕೆಂದು ಹತ್ತು ಗಂಟೆಯ ಬಸ್ಸಿನಲ್ಲಿ ಹೇಳಿಕಳಿಸಿದರು. ಬಾಳಾಸಾಹೇಬರು ನಕ್ಕರು. “ಮತ್ತೇನ ತರಸೀರಿ ಈ ಸಲ?” ಎಂದರು. ಜತ್ತದಲ್ಲಿ ಉಟಗಿಯವರು, ಸೊರಡಿಯವರು, ಬೀಗರು ಕಂಡಲ್ಲೆಲ್ಲ, “ಸಿದ್ದಲಿಂಗವ್ವ ಮತ್ತ ಸತ್ತಾಳಂತ!” ಎಂದು ಚೇಷ್ಟೆಯಾಗಿ ಹೇಳಿದರು. “ಹೋಗೂನ ತಡಿ, ಹೋದ ಸಲ ಚಹಾ ಚಲೋ ಮಾಡಿದ್ದಳು” ಎಂದು ಅವರೂ ನಕ್ಕು ವ್ಯಾಪಾರಕ್ಕೆ ಹೊರಳಿದರು. ಇದನ್ನು ನನಗೆ ಹೇಳುವಾಗ ಬಾಳಾಸಾಹೇಬರು ಟೊಪ್ಪಿಗೆ ತೆಗೆದು ಮೊಳಕಾಲ ಮೇಲೆ ಇಟ್ಟುಕೊಂಡಿದ್ದರು.

ಇತ್ತ ಬಿದಿರು ಬಂತು, ಬಾಳೆಯ ಕಂದು ಬಂತು. ವಿಮಾನ ಕಟ್ಟಿ ಆಕೆಯನ್ನು ಕೂರಿಸಿದರು. ಆಗ ಅಣ್ಣಾರಾಯ ಹೋಗಿ ಬಾಲವನ್ನು ಹೊತ್ತು ತಂದ. “ಮಾಮಾ, ಇದನ್ನೂ ಹಚ್ಚೂನು. ಅಕಿ ಕೇಳಿದ್ದು ಇದು.”

“ಶಾಸ್ತ್ರದಾಗ ಬಾಲ ಇಲ್ಲಪಾ,” ಎಂದರು ಶಂಖ ಹಿಡಿದ ಸ್ವಾಮಿಗಳು.

“ಬಾಲಕ್ಕ ಕಾಯ್ದೆ ಇಲ್ಲಂತ ಸರಕಾರನ ಹೇಳಿ ಹೋಗೈತ್ರಿ, ಅಜ್ಜಾರ,” ಎಂದ ಅಣ್ಣಾರಾಯ. ಸ್ವಾಮಿಗಳು ಬೇರೆ ಕಡೆ ನೋಡಿದರು.

ಹೆಗಲು ನಾಲ್ಕು ಬೇಕು. ಶಂಖದ ಸ್ವಾಮಿಗಳನ್ನು ಬಿಟ್ಟರೆ ಇದ್ದ ಗಂಡಸರು ಅಣ್ಣಾರಾಯ, ಚನ್ನವ್ವನ ಗಂಡ ಶಿದ್ರಾಯ, ಮುರಗೆಪ್ಪ: ಮೂವರು. ಕಾದರು. ಹೊತ್ತು ಇಳಿಯುತ್ತ ಬಂದಿತು. ಸಂತೆಯ ಬಸ್ಸು ಊರ ತಿರುವಿಗೆ ಬಂದಾಗ ಬಾಳಾಸಾಹೇಬರಿಗೆ ಬಾಗಿಲಿನಿಂದ ಮೊದಲು ಕಂಡದ್ದು ಜನರ ತಲೆಯ ಮೇಲೆ ನಿಂತಿದ್ದ ಚುಕ್ಕಾಣಿ. ಅದರ ಕೆಳಗೆ ಹೂವು. ಅವರು ಗಂಟೆ ಹೊಡೆದರು. ಈ ಸಲ ಏನನ್ನೂ ಕೇಳಲಿಲ್ಲ. ಟೊಪ್ಪಿಗೆಯನ್ನು ಸೀಟಿನ ಮೇಲಿಟ್ಟು ಇಳಿದು ಬಂದು ನಾಲ್ಕನೆಯ ಮೂಲೆಗೆ ಹೆಗಲು ಕೊಟ್ಟರು. ಡ್ರೈವರನು ಮುರಗೆಪ್ಪನ ಮೂಲೆಯನ್ನು ತೆಗೆದುಕೊಂಡ. ಬಸ್ಸಿನ ಜನ ಸಂತೆಯ ಚೀಲಗಳನ್ನು ಹಿಡಿದುಕೊಂಡೇ ಹಿಂದೆ ನಡೆದರು. ಮೊದಲ ಸಲ ಬಂದು ಅತ್ತಿದ್ದ ಮುದುಕಿ ಅಳಲಾರದೆ, “ಬಾಗಲದಾಗ ಬಂದಾಗನ ಹೇಳಬಾರದೇನವ್ವಾ” ಎಂದು ಅದೊಂದನ್ನೇ ಹೇಳುತ್ತ ಬಂದಳು.

ಮುರಗೆಪ್ಪ ಎಲ್ಲರಿಗಿಂತ ಮುಂದೆ ಇರಬೇಕಾದವನು, ವಿಮಾನದ ಬೆನ್ನಿಗೆ ನಡೆದ. ಚುಕ್ಕಾಣಿಗೆ ಕಟ್ಟಿದ ಎರಡು ಹುರಿಗಳು ಆತನ ಕೈಯಲ್ಲಿದ್ದವು. ಹಳ್ಳದ ಹತ್ತಿರ ಹಾದಿ ಎರಡಾಗುತ್ತದೆ: ಬಲಕ್ಕೆ ಹೊಲಗಳು, ಎಡಕ್ಕೆ ರುದ್ರಭೂಮಿ. ಅಲ್ಲಿ ಆತ ಎಡ ಹುರಿ ಜಗ್ಗಿದ. ಚುಕ್ಕಾಣಿ ಎಡಕ್ಕೆ ಹೊರಳಿತು. ಮುಂದಿದ್ದ ನಾಲ್ವರಿಗೂ ಅದು ಕಾಣುವಂತಿರಲಿಲ್ಲ. ಅವರು ಎಡಕ್ಕೆ ಹೊರಳಿದರು.

“ತಿರಗತು,” ಎಂದ ಮುರಗೆಪ್ಪ. “ತಿರಗತು ನೋಡು.”

ಮಣ್ಣು ಕೊಟ್ಟಾದ ಮೇಲೆ ಬಾಲವನ್ನು ಬಿಚ್ಚಿ ಮನೆಗೆ ತಂದು ಅಂಗಳದಲ್ಲಿ, ಇದ್ದ ಜಾಗದಲ್ಲಿಯೇ ನಿಲ್ಲಿಸಿದರು. ಆಗ ಅಣ್ಣಾರಾಯನಿಗೆ ಕಂಡಿತು: ಕೊನೆಯ ಸಾಲಿನಲ್ಲಿ ಆರು ಗಂಟು ಉಳಿದಿದ್ದವು, ದಾರ ಕಡಿದಿರಲಿಲ್ಲ, ಸೂಜಿ ಅಕ್ಕ ಕೂರುತ್ತಿದ್ದ ಕಡೆಗೆ ತೂಗುತ್ತಿತ್ತು. ಆತ ಅಲ್ಲಿ ಕುಕ್ಕರಿಸಿದ.

“ಮಾಮಾ, ಈ ಕಡೆ ನಾ ಕುಂದರತೀನಿ. ಮುಗಸಿ ಬಿಡೂನು.”

ಮುರಗೆಪ್ಪ ತನ್ನ ಕಡೆ ಕುಳಿತಿದ್ದ. ಬಟ್ಟೆ ಅಡ್ಡವಿತ್ತು.

“ಬ್ಯಾಡೋ,” ಎಂದ. “ಮುಟ್ಟಬ್ಯಾಡ. ಅಕಿ ಪಾಳಿ ಐತಿ.”